ಸಣ್ಣ ಮೋಟರಿಗೆ ದೊಡ್ಡ ಐರನ್

ಮೋಟರ್ ಸಣ್ಣದು, ಹಾಗಾಗಿ ಅದಕ್ಕೆ ವೈರ್ ಬೆಸೆಯುವ ಸೋಲ್ಡರಿಂಗ್ ಐರನ್ನೂ ಸಣ್ಣದೇ ಸಾಕು. ನಮ್ಮ ಕಡೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಪುಕ್ಕಟೆ ಸಿಗುವ ಸಲಹೆ ಇದು. ಗೋಣಿಕೊಪ್ಪದಲ್ಲಿ ಕೇಳಿ, ವಿರಾಜಪೇಟೆಯಲ್ಲಿ ಕೇಳಿ, ಕುಶಾಲನಗರದಲ್ಲಿ ಕೇಳಿ, ಕೌಂಟರಿನ ಮೇಲೆ ಬಂದು ಕೂರುವುದು 25 ವ್ಯಾಟಿನ ಪೆನ್ಸಿಲ್ ಐರನ್ನೇ. "ಜಾಸ್ತಿ ವ್ಯಾಟಿಂದು ತಗೊಂಡ್ರೆ ಮೋಟರ್ ಸುಟ್ಟೋಗ್ತದೆ" ಎಂಬ ಎಚ್ಚರಿಕೆಯೂ ಜೊತೆಗೆ ಬರುತ್ತದೆ. ಕೇಳಿದರೆ ನ್ಯಾಯ ಅನ್ನಿಸುವ ಮಾತು. ಆದರೆ ನನ್ನ ಮೇಜಿಗೆ ಬಂದು ಬೀಳುವ ಕೆಟ್ಟ ಮೋಟರುಗಳ ಬೆನ್ನು ತಿರುಗಿಸಿ ನೋಡಿದರೆ ಕಥೆ ಬೇರೆಯೇ ಇರುತ್ತದೆ. ಟರ್ಮಿನಲ್ ಸುತ್ತ ಪ್ಲಾಸ್ಟಿಕ್ ಕರಗಿ ಕುಳಿ ಬಿದ್ದಿರುತ್ತದೆ, ಮೇಲೆ ಮಂಕು ಬೂದು ಬಣ್ಣದ ಸೋಲ್ಡರ್ (ಬೆಸುಗೆಗೆ ಕರಗಿಸುವ ಲೋಹ) ಗುಡ್ಡೆಯೊಂದು ಕೂತಿರುತ್ತದೆ. ಅದು ದೊಡ್ಡ ಐರನ್ನಿನ ಕೆಲಸವಲ್ಲ. ಸಣ್ಣ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿದವರ ಕೆಲಸ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಆಟಿಕೆ ಕಾರಿನ ಮೋಟರ್ ಬಿಚ್ಚಬೇಕು. 130 ಸೈಜಿನದು, ಎರಡು ಬದಿ ಚಪ್ಪಟೆ ಇರುತ್ತದಲ್ಲ, ಅದು. ಹಿಂಬದಿಗೆ ಪ್ಲಾಸ್ಟಿಕ್ ಮುಚ್ಚಳ, ಅದರೊಳಗಿಂದ ಹೊರಗೆ ಚಾಚಿದ ಎರಡು ತೆಳು ಲೋಹದ ಕಿವಿಗಳು. ವೈರ್ ಹಚ್ಚುವುದು ಆ ಕಿವಿಗೆ. ಕಿವಿಯ ಒಳತುದಿಗೆ ಸೇರಿಕೊಂಡು ತೆಳ್ಳಗಿನ ಒಂದು ಲೋಹದ ಎಲೆ ಇರುತ್ತದೆ. ತಿರುಗುವ ಕಾಯಿಲ್‌ಗೆ ಕರೆಂಟ್ ದಾಟಿಸುವ ಕಮ್ಯುಟೇಟರಿನ ಮೇಲೆ ಒರಗಿಕೊಂಡಿರುವ ಆ ಎಲೆಯೇ ಬ್ರಷ್. ಹೊರಗೆ ಕಿವಿಗೆ ಕೊಟ್ಟ ಬಿಸಿ ಅಲ್ಲೇ ನಿಲ್ಲುವುದಿಲ್ಲ, ಒಳಗೆ ಓಡುತ್ತದೆ. ಪ್ಲಾಸ್ಟಿಕ್ ಮೆತ್ತಗಾದ ಕೂಡಲೇ ಕಿವಿ ಓರೆಯಾಗುತ್ತದೆ, ಬ್ರಷ್ ತನ್ನ ಜಾಗ ಬಿಡುತ್ತದೆ. ಆಮೇಲೆ ಮೋಟರ್ ಒಂದೋ ತಿರುಗುವುದೇ ಇಲ್ಲ, ಇಲ್ಲವಾದರೆ ಬೆರಳಿಂದ ತಳ್ಳಿದರೆ ಮಾತ್ರ ತಿರುಗುತ್ತದೆ. ಕಾಯಿಲ್ ಸರಿ ಇರುತ್ತದೆ, ಮ್ಯಾಗ್ನೆಟ್ ಸರಿ ಇರುತ್ತದೆ, ಆದರೂ ಮೋಟರ್ ಸತ್ತ ಹಾಗೆ.

ಹಾಗಾದರೆ ಲೆಕ್ಕಕ್ಕೆ ಬರುವುದು ಐರನ್ ಎಷ್ಟು ಬಿಸಿ ಅನ್ನುವುದಕ್ಕಿಂತ ಎಷ್ಟು ಹೊತ್ತು ಹಿಡಿದಿದ್ದೇವೆ ಅನ್ನುವುದು. ಮಾಮೂಲಿ ತವರ-ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಶುರುವಾಗುತ್ತದೆ. ಅಂದರೆ ಕಿವಿಯೂ ವೈರೂ ಅದಕ್ಕಿಂತ ಸ್ವಲ್ಪ ಮೇಲಕ್ಕೆ ಕಾಯಬೇಕು. ಐರನ್ನಿನ ಬಿಟ್, ಅಂದರೆ ಕಾಯುವ ತುದಿ, 350 ಡಿಗ್ರಿ ಇದ್ದರೂ, ಮುಟ್ಟಿಸಿದ ಕ್ಷಣ ಲೋಹ ಆ ಬಿಸಿಯನ್ನು ಹೀರಿಕೊಂಡು ಬಿಟ್ಟನ್ನು ತಣ್ಣಗೆ ಮಾಡುತ್ತದೆ. 60 ವ್ಯಾಟಿನ ಐರನ್ ಕಳೆದುಕೊಂಡದ್ದನ್ನು ಕೂಡಲೇ ತುಂಬಿಕೊಳ್ಳುತ್ತದೆ; ಎರಡು ಮೂರು ಸೆಕೆಂಡಿನಲ್ಲಿ ಸೋಲ್ಡರ್ ಹರಿದು ಕೆಲಸ ಮುಗಿಯುತ್ತದೆ, ಒಳಗಿನ ಪ್ಲಾಸ್ಟಿಕ್‌ಗೆ ಸುದ್ದಿ ಮುಟ್ಟುವ ಮೊದಲೇ. 25 ವ್ಯಾಟಿನದಕ್ಕೆ ಅದು ಸಾಧ್ಯವಿಲ್ಲ. ತೂತಿನ ಕೊಡಕ್ಕೆ ತಂಬಿಗೆಯಲ್ಲಿ ನೀರು ಹೊಯ್ದ ಹಾಗೆ, ಕೊಟ್ಟ ಬಿಸಿಯೆಲ್ಲ ಒಳಗಡೆ ಸೋರಿಹೋಗುತ್ತಿರುತ್ತದೆ, ಕಿವಿ ಮಾತ್ರ ಕಾಯುವುದಿಲ್ಲ. ನಾವು ಇನ್ನಷ್ಟು ಒತ್ತುತ್ತೇವೆ.

ಇದಕ್ಕೆ ನಮ್ಮೂರಿನದೇ ಆದ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಸಂಜೆ ಹೊತ್ತು, ಅದರಲ್ಲೂ ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಬಿಡುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಲೈನಿನ ಕೊನೆಯ ಮನೆಗಳಿಗೆ 230 ವೋಲ್ಟ್ ಬರುವುದು ಅಪರೂಪ. 180 ಬಂತು ಅಂದುಕೊಳ್ಳಿ. ವೋಲ್ಟೇಜ್ ಕಮ್ಮಿಯಾದದ್ದು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೆ, ಆದರೆ ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 25 ವ್ಯಾಟ್ ಎಂದು ಬರೆದದ್ದು ಹೆಚ್ಚು ಕಮ್ಮಿ 15 ವ್ಯಾಟಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಕೈಗಡಿಯಾರದ ವೈರ್ ಹಚ್ಚಬಹುದೇನೋ. 60 ವ್ಯಾಟಿನದು ಅದೇ ಲೈನಿನಲ್ಲಿ ಸುಮಾರು 37ಕ್ಕೆ ಇಳಿದರೂ ಕೆಲಸ ಮಾಡುತ್ತದೆ. ಬೆಂಗಳೂರಿನವರು ಬರೆದ ಸಲಹೆಯನ್ನು ಓದಿ ಐರನ್ ಕೊಳ್ಳುವ ನಮ್ಮವರು ಈ ಲೆಕ್ಕವನ್ನು ಸೇರಿಸಿಕೊಳ್ಳಬೇಕು.

ವ್ಯಾಟಿನಷ್ಟೇ ಮುಖ್ಯ ಬಿಟ್ಟಿನ ಆಕಾರ. ಸೂಜಿಯ ಹಾಗೆ ಮೊನಚಾದ ಬಿಟ್ ನೋಡಲು ನಾಜೂಕು, ಮೋಟರಿಗೆ ಮಾತ್ರ ಅದರಷ್ಟು ನಿರುಪಯೋಗಿ ಇನ್ನೊಂದಿಲ್ಲ. ಮೊನೆ ಮುಟ್ಟುವುದು ಒಂದು ಚುಕ್ಕಿಯಷ್ಟು ಜಾಗವನ್ನು; ಆ ಚುಕ್ಕಿಯಿಂದ ಎಷ್ಟು ಬಿಸಿ ದಾಟೀತು? ಉಳಿಯ ಹಾಗೆ ಚಪ್ಪಟೆ ಮೂತಿಯ, 2.4ರಿಂದ 3.2 ಮಿಲಿಮೀಟರ್ ಅಗಲದ ಬಿಟ್ ಬೇಕು. ಅದರ ಚಪ್ಪಟೆ ಮುಖ ಕಿವಿಗೂ ವೈರಿಗೂ ಒಟ್ಟಿಗೆ ಒರಗಬೇಕು. ಬಿಟ್ಟಿನ ಮೇಲೆ ಮೊದಲೇ ಒಂದು ಹನಿ ಸೋಲ್ಡರ್ ಇದ್ದರೆ ಬಿಸಿ ಇನ್ನೂ ಬೇಗ ದಾಟುತ್ತದೆ. ಒಣ ಲೋಹಕ್ಕೆ ಒಣ ಲೋಹ ತಾಗಿಸಿದರೆ ನಡುವೆ ಗಾಳಿಯೇ ಹೆಚ್ಚು.

ಈ ಮಾತು ಹೊಸದೇನೂ ಅಲ್ಲ. ಕರೆಂಟಿನ ಐರನ್ ಬರುವ ಮೊದಲು ತಗಡಿನ ಕೆಲಸದವರು ಇಟ್ಟುಕೊಳ್ಳುತ್ತಿದ್ದುದು ಮುಷ್ಟಿ ಗಾತ್ರದ ತಾಮ್ರದ ಗಟ್ಟಿ. ಅದಕ್ಕೊಂದು ಕಬ್ಬಿಣದ ಸರಳು, ಮರದ ಹಿಡಿ. ಇದ್ದಲಿನ ಕೆಂಡದಲ್ಲಿ ಕಾಯಿಸಿ ತಂದು, ಒಮ್ಮೆ ಎಳೆದರೆ ಕೊಡಪಾನದ ತಳದ ಬೆಸುಗೆ ಮುಗಿಯುತ್ತಿತ್ತು. ಅಷ್ಟು ದೊಡ್ಡ ತಾಮ್ರ ಯಾಕೆಂದರೆ ಬಿಸಿ ಶೇಖರಿಸಿಟ್ಟುಕೊಳ್ಳುವುದಕ್ಕೆ. ಸಂತೆ ದಿನ ಪಾತ್ರೆಗೆ ಕಲಾಯಿ ಹಾಕುವವರನ್ನು ನೋಡಿದವರಿಗೆ ಉಳಿದ ಪಾಠವೂ ಗೊತ್ತಿರುತ್ತದೆ: ಮೊದಲು ಮರಳು ಹಾಕಿ ತಿಕ್ಕಿ ತಾಮ್ರ ಹೊಳೆಯುವಂತೆ ಮಾಡುವುದು, ಕಾಯಿಸುವುದು, ನವಸಾಗರ ಉದುರಿಸುವುದು, ಆಮೇಲೆ ತವರ ಮುಟ್ಟಿಸಿ ಹತ್ತಿಯಿಂದ ಒರೆಸುವುದು. ತವರ ಹರಿದು ಪಾತ್ರೆಯೆಲ್ಲ ಬೆಳ್ಳಗಾಗುವುದು ಒಂದು ಗಳಿಗೆಯ ಮಾತು. ಸೋಲ್ಡರಿಂಗ್ ಎನ್ನುವುದು ಇದೇ ಕೆಲಸ. ತವರ ತಾಮ್ರದ ಮೇಲೆ ಅಂಟಿನಂತೆ ಕೂರುವುದಿಲ್ಲ. ಎರಡೂ ಸೇರುವ ಗೆರೆಯಲ್ಲಿ ಅವೆರಡರಿಂದಲೇ ಆದ ಒಂದು ಹೊಸ ತೆಳು ಪದರ ಹುಟ್ಟುತ್ತದೆ. ನಡುವೆ ಕಿಲುಬು ಇದ್ದರೆ ಅದು ಹುಟ್ಟುವುದಿಲ್ಲ. ಅತಿ ಹೊತ್ತು ಕಾಯಿಸಿದರೆ ಪದರ ದಪ್ಪವಾಗಿ ಪೆಡಸಾಗುತ್ತದೆ.

ಇನ್ನು ಸೋಲ್ಡರ್. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 60/40, ಅಂದರೆ ತವರ 60 ಪಾಲು, ಸೀಸ 40. ಇದು 183ರಲ್ಲಿ ಮೆತ್ತಗಾಗಿ ಸುಮಾರು 190ಕ್ಕೆ ಪೂರ್ತಿ ನೀರಾಗುತ್ತದೆ. ನಡುವಿನ ಆ ಏಳೆಂಟು ಡಿಗ್ರಿಯಲ್ಲಿ ಅದು ಅತ್ತ ಗಟ್ಟಿಯೂ ಅಲ್ಲ, ಇತ್ತ ದ್ರವವೂ ಅಲ್ಲ. ಆರುವಾಗ ಆ ಹಂತದಲ್ಲಿ ವೈರ್ ಅಲುಗಿದರೆ ಒಳಗೆ ಬಿರುಕು ಬೀಳುತ್ತದೆ. ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವವುಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ. 63/37ಕ್ಕೆ ಈ ನಡುಹಂತವೇ ಇಲ್ಲ. 183ರಲ್ಲಿ ಕರಗುತ್ತದೆ, 183ರಲ್ಲೇ ಗಟ್ಟಿಯಾಗುತ್ತದೆ. ಒಂದು ಕೈಯಲ್ಲಿ ಐರನ್, ಇನ್ನೊಂದರಲ್ಲಿ ಸೋಲ್ಡರ್, ಮೋಟರನ್ನು ಮೊಣಕಾಲಿನ ನಡುವೆ ಹಿಡಿದು ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ 60/40ಕ್ಕೆ ಬೇಸರ ಬೇಡ.

ಬೇಸರ ಪಡಬೇಕಾದದ್ದು ಹೆಸರಿಲ್ಲದ ಅಗ್ಗದ ಉಂಡೆಗಳ ಬಗ್ಗೆ. ತವರ ದುಬಾರಿ, ಸೀಸ ಅಗ್ಗ. ಮೋಸಕ್ಕೆ ಬೇರೆ ಕಾರಣ ಬೇಕಿಲ್ಲ. ಪಾಲು ತಿರುವುಮುರುವಾಗಿ 40/60 ಆಯಿತೆಂದರೆ ಅದು ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು, ನಡುವಿನ ಅಂಬಲಿ ಹಂತವೇ ಐವತ್ತು ಡಿಗ್ರಿಗೂ ಹೆಚ್ಚು. ನಮ್ಮ 25 ವ್ಯಾಟಿನ ಐರನ್ 180 ವೋಲ್ಟಿನಲ್ಲಿ ಇದನ್ನು ಎದುರಿಸುವುದನ್ನು ಊಹಿಸಿ. ಗುರುತು ಹಿಡಿಯುವುದು ಕಷ್ಟವಲ್ಲ: ಕರಗಲು ತಡ, ಆರಿದ ಮೇಲೆ ಹೊಳಪಿಲ್ಲ, ಮೇಲ್ಮೈ ತರಿತರಿ. ದಪ್ಪದ ವಿಷಯಕ್ಕೆ, ಸರ್ಕ್ಯೂಟ್ ಬೋರ್ಡಿಗೆ ಎಲ್ಲರೂ ಹೇಳುವ 22 ಗೇಜ್ ಮೋಟರ್ ಕಿವಿಗೆ ಸಣ್ಣದಾಯಿತು. ಸಾಕಷ್ಟು ಸೋಲ್ಡರ್ ಉಣಿಸುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. 20 ಗೇಜ್ (ಅಂಕಿ ಇಳಿದಷ್ಟೂ ದಪ್ಪ), ಅಂದರೆ ಸುಮಾರು 0.9 ಮಿಲಿಮೀಟರಿನದು ಹದ.

ಸೀಸವಿಲ್ಲದ ಸೋಲ್ಡರ್ ಬಗ್ಗೆ ಕೇಳುವವರೂ ಇದ್ದಾರೆ. ಯುರೋಪಿನ ಒಕ್ಕೂಟ 2006ರ ಜುಲೈಯಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಫ್ಯಾಕ್ಟರಿಗಳು ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ ಹೋದವು. 217 ಡಿಗ್ರಿಯ ಮೇಲೆಯೇ ಅದು ಕರಗುವುದು. ಬೆಳ್ಳಿಯಿಲ್ಲದ ತವರ-ತಾಮ್ರದ್ದಾದರೆ 227. ಐರನ್ನಿನ ಮೇಲೆ ಅಷ್ಟು ಹೆಚ್ಚು ಹೊರೆ. ಮಕ್ಕಳ ಕೈಗೆ, ಬಾಯಿಗೆ ಹೋಗುವ ಆಟಿಕೆಯಾದರೆ ನಾನು ಸೀಸ ಮುಟ್ಟುವುದಿಲ್ಲ, ಒಳ್ಳೆಯ ಐರನ್ ತೆಗೆದು ಸೀಸರಹಿತವನ್ನೇ ಹಾಕುತ್ತೇನೆ. ತೋಟದ ಯಂತ್ರಕ್ಕಾದರೆ ತವರ-ಸೀಸವೇ. ಕಣ್ಣಿಗೆ ಹೊಡೆಯುವ ಆ ಹೊಗೆಯನ್ನು ಸೀಸದ ಹೊಗೆ ಅಂದುಕೊಂಡು ಹೆದರುವವರಿದ್ದಾರೆ. ಅದು ಸೋಲ್ಡರಿನ ಹೊಟ್ಟೆಯಲ್ಲಿರುವ ರಾಳದ ಹೊಗೆ. ಉಬ್ಬಸ ಇರುವವರು ಅದರಿಂದ ದೂರ ಇರಬೇಕು ಎನ್ನುವುದು ನಿಜ, ಕಿಟಕಿ ತೆರೆದಿಡಬೇಕು ಎನ್ನುವುದೂ ನಿಜ. ಸೀಸ ಒಳಗೆ ಹೋಗುವ ದಾರಿ ಬೇರೆ: ಸೋಲ್ಡರ್ ಹಿಡಿದ ಅದೇ ಬೆರಳಲ್ಲಿ ಕಡುಬು ಮುರಿದು ತಿನ್ನುವುದು, ಮೂರನೇ ಕೈಯಿಲ್ಲವೆಂದು ಸೋಲ್ಡರನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು. ಎರಡನೆಯದನ್ನು ಮಾಡುವ ಮೆಕ್ಯಾನಿಕ್‌ಗಳು ನಮ್ಮಲ್ಲಿ ಇನ್ನೂ ಇದ್ದಾರೆ.

ಮೋಟರ್ ಎಂದರೆ ಆಟಿಕೆ ಅಂತ ಈಗ ಯಾರೂ ಅಂದುಕೊಳ್ಳಬೇಕಿಲ್ಲ. ಕೊಡಗಿನ ಸಣ್ಣ ಬೆಳೆಗಾರನ ಮನೆಯಲ್ಲಿ ಸಣ್ಣ ಮೋಟರ್ ಎಂದರೆ ಮೊದಲಿಗೆ ಬ್ಯಾಟರಿ ಸ್ಪ್ರೇಯರ್. ಬೆನ್ನಿಗೆ ಹಾಕಿಕೊಳ್ಳುವ ಕ್ಯಾನಿನ ತಳದಲ್ಲಿ 12 ವೋಲ್ಟಿನ ಬ್ಯಾಟರಿ, ಪಕ್ಕದಲ್ಲೇ ಪಂಪಿನ ಮೋಟರ್. ಮಳೆಗಾಲದ ಮೊದಲು ಕಾಫಿಗೆ, ಮೆಣಸಿನ ಬಳ್ಳಿಗೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆಯುವುದು ಎಲ್ಲರಿಗೂ ಗೊತ್ತು; ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು. ಅಲಗಿಗೆ ಹಾಗೆ ಮಾಡುವ ನೀರು ಪೈಪಿನ ಸಂದಿಯಿಂದ ಹನಿದು ಮೋಟರಿನ ಟರ್ಮಿನಲ್ ಮೇಲೆ ಬಿದ್ದರೆ ಸುಮ್ಮನಿರುತ್ತದೆಯೇ? ಡಿಸಿ ಕರೆಂಟ್ ಬೇರೆ ಹರಿಯುತ್ತಿರುತ್ತದೆ. ಒದ್ದೆಯಾದ ಟರ್ಮಿನಲ್‌ಗಳಲ್ಲಿ ಪಾಸಿಟಿವ್ ಕಡೆಯದೇ ಮೊದಲು ಹಸಿರಾಗಿ ಸವೆಯುವುದು.

"ಭಾವ, ಮೋಟರ್ ಹೋಯ್ತು ಕಾಣ್ತದೆ, ಹೊಸದು ತರಿಸ್ಬೇಕಾ?" ಎಂದು ಪಕ್ಕದ ತೋಟದವರು ಸ್ಪ್ರೇಯರ್ ಹೊತ್ತು ತರುತ್ತಾರೆ. ಮೋಟರ್ ಹೋಗಿರುವುದಿಲ್ಲ. ವೈರ್ ಹೋಗಿರುತ್ತದೆ, ಅಥವಾ ಹೋಗುವ ಹಾದಿಯಲ್ಲಿರುತ್ತದೆ. ಅರೆಬರೆ ಹಿಡಿದ ಬೆಸುಗೆಯಲ್ಲಿ 0.1 ಓಮ್ ತಡೆ ಇದ್ದರೂ 4 ಆಂಪಿಯರ್ ಹರಿಯುವಾಗ 0.4 ವೋಲ್ಟ್ ಅಲ್ಲೇ ಖರ್ಚಾಗಿ, ಒಂದೂವರೆ ವ್ಯಾಟಿನಷ್ಟು ಬಿಸಿ ಆ ಚುಕ್ಕಿಯಲ್ಲಿ ಕೂರುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಕರೆಂಟ್ ಹಲವು ಪಟ್ಟು. ಪಂಪ್ ಏದುಸಿರು ಬಿಡುತ್ತದೆ, ಜನ ಬ್ಯಾಟರಿ ಬದಲಿಸುತ್ತಾರೆ.

ಇಲ್ಲಿ ಎಂಥ ಐರನ್ನೂ ಸಹಾಯಕ್ಕೆ ಬಾರದ ಒಂದು ಸಂಗತಿ ಉಂಟು. ಕಿಲುಬು ವೈರಿನ ತುದಿಯಲ್ಲಿ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ಒಳಗೆ ಎಳೆಎಳೆಯಾಗಿ ಹತ್ತಿಕೊಂಡು ಹೋಗಿರುತ್ತದೆ. ತುದಿ ಸುಲಿದರೆ ತಾಮ್ರ ಕಪ್ಪಗೆ ಕಾಣುತ್ತದೆ. ಕಪ್ಪು ತಾಮ್ರಕ್ಕೆ ಸೋಲ್ಡರ್ ಹತ್ತುವುದಿಲ್ಲ, ಉರುಳಿ ಬೀಳುತ್ತದೆ. ಆಗ ಜನ ಕೈ ಹಾಕುವುದು ಕಿಲುಬು ಕಳೆಯುವ ಪೇಸ್ಟ್ ಡಬ್ಬಿಗೆ. ಡಬ್ಬಿಗಳಲ್ಲಿ ಎರಡು ಜಾತಿ. ರಾಳದ್ದು (ರೋಸಿನ್) ಒಂದು, ಅದು ಆರಿದ ಮೇಲೆ ಗಟ್ಟಿಯಾಗಿ ಸುಮ್ಮನೆ ಕೂರುತ್ತದೆ. ಸತುವಿನ ಕ್ಲೋರೈಡ್, ನವಸಾಗರ ಸೇರಿದ್ದು ಇನ್ನೊಂದು. ತಗಡಿನ ಕೆಲಸಕ್ಕೆ, ಕಲಾಯಿಗೆ ಅದೇ ಸರಿ, ಯಾಕೆಂದರೆ ಕೊನೆಗೆ ನೀರು ಹಾಕಿ ತೊಳೆಯುತ್ತಾರೆ. ಮೋಟರನ್ನು ತೊಳೆಯುವುದು ಹೇಗೆ? ಆ ಪೇಸ್ಟು ವೈರಿನ ಎಳೆಗಳ ನಡುವೆ ಉಳಿಯುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ, ತಾಮ್ರವನ್ನು ತಿನ್ನುತ್ತದೆ. ಕಕ್ಕಡದ (ಜುಲೈ-ಆಗಸ್ಟಿನ ಮಳೆಗಾಲದ) ತಿಂಗಳಲ್ಲಿ ಒಲೆಯ ಮೇಲೆ ಕಟ್ಟಿದ ಬಟ್ಟೆಯೂ ಒಣಗದ ಊರು ನಮ್ಮದು. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ತಡೆಯುವ ತಪ್ಪು ಇಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ. ಡಬ್ಬಿಯ ಮೇಲೆ ರೋಸಿನ್ ಎಂದು ಬರೆದಿಲ್ಲವೋ, ಮೋಟರಿನ ಹತ್ತಿರ ತರಬೇಡಿ. ಕಪ್ಪಾದ ವೈರಿಗೆ ಔಷಧಿ ಒಂದೇ: ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗುವುದು, ಸಿಗದಿದ್ದರೆ ವೈರನ್ನೇ ಬದಲಾಯಿಸುವುದು. ಒಂದು ಚದರ ಮಿಲಿಮೀಟರಿನ ಫ್ಲೆಕ್ಸಿಬಲ್ ವೈರ್ ಒಂದು ಗಜಕ್ಕೆ ಎಷ್ಟಾದೀತು! ಬೆಸುಗೆಯ ಮೇಲೆ ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದರೆ ಬೋರ್ಡೋ ನೀರಿಗೂ ದಾರಿ ಮುಚ್ಚಿದಂತೆ.

ಮೋಟರಿನ ಬೆನ್ನಿಗೆ ಸಣ್ಣ ಕೆಪಾಸಿಟರ್ ಹಚ್ಚುವ ಕೆಲಸ ಮಾಡಿದವರು ಐರನ್ನಿನ ಬಗ್ಗೆ ನನ್ನ ಜೊತೆ ವಾದ ಮಾಡುವುದಿಲ್ಲ. ಬ್ರಷ್ಷಿನ ಕಿಡಿಗಳು ಹತ್ತಿರದ ರೇಡಿಯೋದಲ್ಲಿ ಕರಕರ ಎನ್ನುತ್ತವೆ, ರಿಮೋಟ್ ಕಾರಿನ ರಿಸೀವರನ್ನು ದಿಕ್ಕು ತಪ್ಪಿಸುತ್ತವೆ. 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್, ಅಂದರೆ 0.1 ಮೈಕ್ರೋಫ್ಯಾರಡ್, ಎರಡು ಕಿವಿಗಳ ನಡುವೆ ಒಂದು, ಒಂದೊಂದು ಕಿವಿಯಿಂದ ಮೋಟರಿನ ಉಕ್ಕಿನ ಡಬ್ಬಿಗೆ ಒಂದೊಂದು. ಕಿವಿ ಸುಲಭ. ಡಬ್ಬಿಗೆ ಬೆಸೆಯುವುದು ಇದೆಯಲ್ಲ, ಅಲ್ಲಿ ಸಣ್ಣ ಐರನ್ ಸೋಲುತ್ತದೆ. ಉಕ್ಕಿನ ಡಬ್ಬಿ ಬಿಸಿಯನ್ನೆಲ್ಲ ನುಂಗಿಬಿಡುತ್ತದೆ. ಮರಳುಕಾಗದದಿಂದ ಉದ್ದಿನ ಕಾಳಿನಷ್ಟು ಜಾಗ ಉಜ್ಜಿ, ಸ್ವಲ್ಪ ರಾಳ ಹಚ್ಚಿ, 60 ವ್ಯಾಟಿನ ಅಗಲ ಬಿಟ್ ಒರಗಿಸಿ ಮೊದಲು ಅಲ್ಲೊಂದು ಹನಿ ಹತ್ತಿಸಿಕೊಳ್ಳಬೇಕು. ಅದು ಹರಡಿ ಕೂತ ಮೇಲೆ ಕೆಪಾಸಿಟರಿನ ಕಾಲು.

ಕೊಳ್ಳುವ ಮಾತಿಗೆ ಬರುವುದಾದರೆ, ವಾರಕ್ಕೊಮ್ಮೆ ಐರನ್ ಹಿಡಿಯುವವರು ಬಿಸಿ ನಿಯಂತ್ರಿಸುವ ಸೋಲ್ಡರಿಂಗ್ ಸ್ಟೇಷನ್ ತಗೊಳ್ಳಲಿ, ಕಾಸು ದಂಡವಾಗುವುದಿಲ್ಲ. ಶಕ್ತಿ ಬೇಕಾದಾಗ 60, 70 ವ್ಯಾಟ್ ಸುರಿಯುತ್ತದೆ, ಬೇಡವಾದಾಗ 350ರಲ್ಲಿ ಸುಮ್ಮನೆ ನಿಂತಿರುತ್ತದೆ. ದೊಡ್ಡ ಐರನ್ ಮೋಟರ್ ಸುಡುತ್ತದೆ ಎಂಬ ಹಳೆಯ ಭಯಕ್ಕೆ ಕಾರಣವೇ ಉಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ಬಳಸುವವರಿಗೆ ಸಾದಾ 50 ಅಥವಾ 60 ವ್ಯಾಟಿನದು, ಜೊತೆಗೆ ಒಂದು ಚಪ್ಪಟೆ ಬಿಟ್. ಈಗಿನ ಬಿಟ್‌ಗಳ ಮೇಲೆ ಕಬ್ಬಿಣದ ತೆಳು ಲೇಪ ಇರುತ್ತದೆ, ಅರ ಹಾಕಿ ಉಜ್ಜಿದರೆ ಲೇಪ ಹೋಗಿ ಒಳಗಿನ ತಾಮ್ರ ಸೋಲ್ಡರಿನಲ್ಲಿ ಕರಗುತ್ತಾ ಗುಳಿ ಬೀಳುತ್ತದೆ. ವಿರಾಜಪೇಟೆಯ ನನ್ನ ಪರಿಚಯದ ರಿವೈಂಡಿಂಗ್ ಅಣ್ಣ ಇದನ್ನು ಒಪ್ಪುವುದಿಲ್ಲ. ಅವರದು ಬರಿ ತಾಮ್ರದ ಹಳೆ ಬಿಟ್. ಅದನ್ನು ಅರದಿಂದ ಉಜ್ಜುವುದೇ ಸರಿ, ಹಾಗಾಗಿ ಎಲ್ಲವನ್ನೂ ಉಜ್ಜುತ್ತಾರೆ.

ಕರೆಂಟ್ ಇಲ್ಲದ ದಿನಗಳಿಗೆ 12 ವೋಲ್ಟಿನಲ್ಲೂ ನಡೆಯುವ ಐರನ್‌ಗಳು ಈಗ ಸಿಗುತ್ತವೆ. ಸ್ಪ್ರೇಯರಿನ ಬ್ಯಾಟರಿಗೇ ಸಿಕ್ಕಿಸಬಹುದು ಎಂದು ಖುಷಿಪಡುವ ಮೊದಲು ಒಂದು ಲೆಕ್ಕ. ಟಿ12 ಮಾದರಿಯ ಬಿಟ್ಟಿನ ಒಳಗಿನ ಹೀಟರ್ ಸುಮಾರು 8 ಓಮ್. 24 ವೋಲ್ಟ್ ಕೊಟ್ಟರೆ 72 ವ್ಯಾಟ್. 12 ಕೊಟ್ಟರೆ ಅರ್ಧ ಬರುವುದಿಲ್ಲ, ಕಾಲು ಭಾಗ ಬರುತ್ತದೆ, 18 ವ್ಯಾಟ್. ಮತ್ತೆ ಅದೇ ಪೆನ್ಸಿಲ್ ಐರನ್ನಿಗೆ ಬಂದು ನಿಂತೆವು. ಲ್ಯಾಪ್‌ಟಾಪ್ ಚಾರ್ಜ್ ಮಾಡುವಂಥ ಪವರ್ ಬ್ಯಾಂಕ್ 20 ವೋಲ್ಟ್ ಕೊಡುತ್ತದೆ, ಅದರಲ್ಲಿ 50 ವ್ಯಾಟ್ ಸಿಗುತ್ತದೆ. ಅಥವಾ ಎರಡು ಸ್ಪ್ರೇಯರ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿಕೊಳ್ಳಿ, ಐರನ್ನಿನ ಮೇಲೆ ಎಷ್ಟು ವೋಲ್ಟಿನವರೆಗೆ ತಡೆಯುತ್ತದೆ ಎಂದು ಬರೆದದ್ದನ್ನು ಓದಿಕೊಂಡು. ತುಂಬಿದ ಬ್ಯಾಟರಿ ಜೋಡಿ 24ರಲ್ಲಿ ನಿಲ್ಲುವುದಿಲ್ಲ, ಅದಕ್ಕಿಂತ ಮೇಲಿರುತ್ತದೆ.

ಇಷ್ಟೆಲ್ಲ ಹೇಳಿಯೂ, ಬೆಸುಗೆಯೇ ಬೇಡ ಎನ್ನುವ ಜಾಗಗಳುಂಟು. ಮಡಿಕೇರಿ ದಸರಾದ ಮಂಟಪಗಳ ಕೆಲಸ ನಡೆಯುವಾಗ ಹೋಗಿ ನೋಡಬೇಕು. ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ಅಲುಗಾಡುವ ಮೂರ್ತಿಗಳನ್ನು ಹೊತ್ತ ವಾಹನಗಳು, ವಿಜಯದಶಮಿಯ ರಾತ್ರಿ ಹೊರಟು ಬೆಳಗಿನವರೆಗೆ ಏರು ಇಳಿಜಾರಿನ ಬೀದಿಗಳಲ್ಲಿ ಸಾಗುತ್ತವೆ. ರಾಕ್ಷಸ ತಲೆ ತಿರುಗಿಸಬೇಕು, ದೇವಿ ಕೈ ಎತ್ತಬೇಕು, ಒಳಗೆಲ್ಲ ಮೋಟರುಗಳು. ಅಲ್ಲಿ ವೈರ್ ತುಂಡಾಗುವುದು ಬೆಸುಗೆಯಲ್ಲಲ್ಲ, ಬೆಸುಗೆಯಿಂದ ನಾಲ್ಕೈದು ಮಿಲಿಮೀಟರ್ ಆಚೆ. ಸೋಲ್ಡರ್ ಕರಗಿದಾಗ ವೈರಿನ ಎಳೆಗಳ ನಡುವೆ ಏರಿಕೊಂಡು ಹೋಗಿ ಅಷ್ಟು ಉದ್ದ ಕಡ್ಡಿಯಂತಾಗಿರುತ್ತದೆ. ಕಡ್ಡಿ ಮುಗಿದು ಮೆತ್ತನೆ ವೈರ್ ಶುರುವಾಗುವ ಗೆರೆಯಲ್ಲಿ ಅಲುಗಾಟವೆಲ್ಲ ಕೂಡುತ್ತದೆ, ಒಂದೊಂದೇ ಎಳೆ ಕಡಿಯುತ್ತದೆ. ಬೆಸುಗೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ಜಗ್ಗಾಟವನ್ನು ತಾನು ಹೊರುವುದಿಲ್ಲ. ಹಾಗಾಗಿ ವೈರನ್ನು ಕಿವಿಯ ತೂತಿನಲ್ಲಿ ಪೋಣಿಸಿ ಕೊಕ್ಕೆ ಮಾಡಿ ಬೆಸೆದ ಮೇಲೆ, ಒಂದಂಗುಲ ಆಚೆ ಅದನ್ನು ಮೋಟರಿನ ಮೈಗೇ ಕೇಬಲ್ ಟೈಯಿಂದ ಕಟ್ಟಬೇಕು. ಟೈ ಇಲ್ಲದಿದ್ದರೆ ನೂಲಾದರೂ ಸರಿ.

ವೈಪರ್ ಮೋಟರಿನಂಥ ದೊಡ್ಡವಕ್ಕೆ, ಚಪ್ಪಟೆ ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಕೂರುವ ಟರ್ಮಿನಲ್ ಇರುವಂಥವಕ್ಕೆ, ನಾನು ಐರನ್ ತೆಗೆಯುವುದೇ ಇಲ್ಲ. ಸರಿಯಾದ ಇಕ್ಕಳದಿಂದ ಲಗ್ ಒತ್ತಿ ಸಿಕ್ಕಿಸಿದರೆ ಮುಗಿಯಿತು. ನಡುರಾತ್ರಿ ಮೋಟರ್ ಬದಲಿಸಬೇಕಾಗಿ ಬಂದರೆ ಕಿತ್ತು ಹಾಕಲು ಎರಡು ನಿಮಿಷ ಸಾಕು. ಸ್ಕ್ರೂ ಕೆಳಗೆ ಹೋಗುವ ವೈರಿನ ತುದಿಗೆ ಸೋಲ್ಡರ್ ಮೆತ್ತುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು. ಮೆತ್ತಿದಾಗ ನೀಟಾಗಿ ಕಾಣುತ್ತದೆ, ಆದರೆ ಸೋಲ್ಡರ್ ಮೆದು ಲೋಹ. ಸ್ಕ್ರೂವಿನ ಒತ್ತಡಕ್ಕೆ ದಿನ ಕಳೆದಂತೆ ಜಾರಿ ಚಪ್ಪಟೆಯಾಗಿ, ಬಿಗಿ ಮಾಡಿದ ಸ್ಕ್ರೂ ತಾನಾಗಿಯೇ ಸಡಿಲವಾಗುತ್ತದೆ. ಮಂಟಪದ ಹುಡುಗರಿಗೆ ಇದನ್ನು ಹೇಳಿದರೆ "ಅಣ್ಣ, ಒಂದು ರಾತ್ರಿ ನಡೆದ್ರೆ ಸಾಕಲ್ಲ" ಅನ್ನುತ್ತಾರೆ. ಆ ಒಂದು ರಾತ್ರಿಗೆ ಅವರ ಮಾತು ಸರಿಯೇ. ಆದರೆ ಅವೇ ಮೋಟರುಗಳನ್ನು ಬಿಚ್ಚಿಟ್ಟು ಮುಂದಿನ ವರ್ಷ, ಅದರ ಮುಂದಿನ ವರ್ಷ ಮತ್ತೆ ಹಾಕುವವರೂ ಅವರೇ.